ಒಬ್ಬನ ಬ್ಯಾಟು, ಒಂಬತ್ತು ಜನರ ಆಟ

ನಮ್ಮ ಕಾಲೇಜಿನಲ್ಲಿ ಬೇಸ್‌ಬಾಲ್ ನೋಡುವವನು ಬಹುಶಃ ನಾನೊಬ್ಬನೇ. ನನ್ನ ಮೆಚ್ಚಿನ ಲಾಸ್ ಏಂಜಲೀಸ್ ಏಂಜಲ್ಸ್ ತಂಡ ಕ್ಯಾಲಿಫೋರ್ನಿಯಾದ ತನ್ನ ಮೈದಾನದಲ್ಲಿ ರಾತ್ರಿ ಆಡುವಾಗ ಇಲ್ಲಿ ಬೆಳಗ್ಗೆ ಏಳು ಗಂಟೆ. ಮೊಬೈಲ್‌ನಲ್ಲಿ ಸ್ಕೋರ್ ನೋಡುತ್ತಲೇ ಕಾಲೇಜಿಗೆ ಹೊರಡುತ್ತೇನೆ. ಹೆಚ್ಚಿನ ದಿನ ಸೋಲೇ. ಆಗ ಗೆಳೆಯರು ಕೇಳುವ ಪ್ರಶ್ನೆ ಒಂದೇ: "ನಿನ್ನ ಮೈಕ್ ಟ್ರೌಟ್ ಅಷ್ಟು ದೊಡ್ಡ ಆಟಗಾರನಾದರೆ ತಂಡ ಯಾಕೆ ಗೆಲ್ಲುವುದಿಲ್ಲ?"

ಪ್ರಶ್ನೆ ನ್ಯಾಯವಾದದ್ದೇ. ಟ್ರೌಟ್ 2014, 2016 ಮತ್ತು 2019ರಲ್ಲಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದವನು. ಆದರೂ ಅವನು ಪ್ಲೇಆಫ್ ಆಡಿದ್ದು 2014ರಲ್ಲಿ ಒಮ್ಮೆ ಮಾತ್ರ. ಆಗಲೂ ಕಾನ್ಸಾಸ್ ಸಿಟಿ ರಾಯಲ್ಸ್ ವಿರುದ್ಧ ಮೂರಕ್ಕೆ ಮೂರೂ ಪಂದ್ಯ ಸೋತರು. 2018ರಲ್ಲಿ ಜಪಾನಿನ ಶೊಹೇ ಒಹ್ತಾನಿ ಅದೇ ತಂಡಕ್ಕೆ ಬಂದ. ಚೆಂಡು ಎಸೆಯುವುದರಲ್ಲೂ ಹೊಡೆಯುವುದರಲ್ಲೂ ಅವನು ನಿಸ್ಸೀಮ. ಇಬ್ಬರೂ ಜೊತೆಗಿದ್ದ ಆರು ವರ್ಷಗಳಲ್ಲಿ ಏಂಜಲ್ಸ್ ಒಂದು ವರ್ಷವೂ ಸೋತದ್ದಕ್ಕಿಂತ ಹೆಚ್ಚು ಪಂದ್ಯ ಗೆಲ್ಲಲಿಲ್ಲ.

ಕಾರಣ ಆಟದ ನಿಯಮದಲ್ಲೇ ಇದೆ. ಕ್ರಿಕೆಟ್‌ನಲ್ಲಿ ಒಳ್ಳೆಯ ಬ್ಯಾಟರ್ ಔಟಾಗದಿದ್ದರೆ ಇಪ್ಪತ್ತು ಓವರೂ ನಿಂತು ಪಂದ್ಯ ಗೆಲ್ಲಿಸಬಹುದು. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ಒಂಬತ್ತು ಜನ ಸರದಿಯಂತೆ ಬ್ಯಾಟ್ ಹಿಡಿಯಬೇಕು. ಟ್ರೌಟ್ ಚೆಂಡನ್ನು ಮೈದಾನದಾಚೆಗೆ ಹೊಡೆದರೂ ಮತ್ತೆ ಅವನ ಸರದಿ ಬರುವುದು ಉಳಿದ ಎಂಟು ಜನರ ನಂತರ. ಒಂದು ಪಂದ್ಯದಲ್ಲಿ ಅವನಿಗೆ ಸಿಗುವುದು ನಾಲ್ಕೈದು ಅವಕಾಶ. ಅವನು ಹೊಡೆದಾಗ ಬೇಸ್‌ಗಳಲ್ಲಿ ಯಾರೂ ನಿಂತಿರದಿದ್ದರೆ ಆ ಭಾರೀ ಹೊಡೆತಕ್ಕೂ ಬರುವುದು ಒಂದೇ ರನ್. ಇನ್ನು ಚೆಂಡು ಎಸೆಯುವ ಪ್ರಮುಖ ಪಿಚರ್ ಒಂದು ದಿನ ಆಡಿದರೆ ನಾಲ್ಕೈದು ದಿನ ಎಸೆಯುವುದೇ ಇಲ್ಲ. ಹೀಗೆ 162 ಪಂದ್ಯಗಳ ಸೀಸನ್ ಮುಗಿಯಬೇಕು.

ಇದಕ್ಕೆ ಸಿಯಾಟಲ್ ಮ್ಯಾರಿನರ್ಸ್ ಒಳ್ಳೆಯ ಸಾಕ್ಷಿ. 1998ರಿಂದ 2000ದ ಕೊನೆಯೊಳಗೆ ರ‍್ಯಾಂಡಿ ಜಾನ್ಸನ್, ಕೆನ್ ಗ್ರಿಫಿ ಜೂನಿಯರ್, ಅಲೆಕ್ಸ್ ರಾಡ್ರಿಗಸ್ ಮೂವರೂ ಆ ತಂಡ ಬಿಟ್ಟರು. ಕಥೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ 2001ರಲ್ಲಿ ಅದೇ ತಂಡ 116 ಪಂದ್ಯ ಗೆದ್ದಿತು. ಆ ವರ್ಷ ಬಂದ ಇಚಿರೊ ಸುಜುಕಿ ಅದ್ಭುತವಾಗಿ ಆಡಿದ, ನಿಜ. ಆದರೆ ಅವನ ಹಿಂದೆ ಗಟ್ಟಿ ಸಾಲೇ ಇತ್ತು. ರಾಡ್ರಿಗಸ್‌ಗೆ 25.2 ಕೋಟಿ ಡಾಲರ್ ಒಪ್ಪಂದ ಕೊಟ್ಟ ಟೆಕ್ಸಸ್ ರೇಂಜರ್ಸ್ ಮಾತ್ರ ಮೂರು ವರ್ಷವೂ ತನ್ನ ವಿಭಾಗದಲ್ಲಿ ಕೊನೆಯ ಸ್ಥಾನದಲ್ಲೇ ಉಳಿಯಿತು. ಅವನು ಚೆನ್ನಾಗಿ ಆಡಲಿಲ್ಲವೆಂದಲ್ಲ. 2003ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಅವನೇ.

ಆದ್ದರಿಂದ ತಂಡದ ಸೋಲನ್ನು ತಾರೆಯ ತಲೆಗೆ ಕಟ್ಟುವುದು ಅನ್ಯಾಯ. 2023ರ ಕೊನೆಗೆ ಒಹ್ತಾನಿ ಡಾಜರ್ಸ್ ಸೇರಿದ. 2024 ಮತ್ತು 2025ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ. ಅವನನ್ನು ದ್ರೋಹಿ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಉಳಿದುಕೊಂಡ ಟ್ರೌಟ್‌ನನ್ನು ದಡ್ಡ ಎನ್ನುವವರನ್ನೂ ಒಪ್ಪುವುದಿಲ್ಲ. ಪ್ರಶ್ನೆ ಕೇಳಬೇಕಾದದ್ದು ತಂಡ ಕಟ್ಟುವವರನ್ನು: ಒಬ್ಬನ ಹೆಸರಿನಲ್ಲಿ ಟಿಕೆಟ್ ಮಾರಿದಿರಿ, ಉಳಿದ ಎಂಟು ಜನರಿಗಾಗಿ ಏನು ಮಾಡಿದಿರಿ?

ಆರ್‌ಸಿಬಿ ಅಭಿಮಾನಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2016ರಲ್ಲಿ ಕೊಹ್ಲಿ 973 ರನ್ ಹೊಡೆದರೂ ಫೈನಲ್‌ನಲ್ಲಿ ಎಂಟು ರನ್‌ಗಳಿಂದ ಸೋತೆವು. ಕಪ್ ಬಂದದ್ದು 2025ರಲ್ಲಿ.

ನಮ್ಮ ವಾಲಿಬಾಲ್ ತಂಡದ ಆಯ್ಕೆಯಲ್ಲೂ ನಾವು ಮೊದಲು ಹುಡುಕುವುದು ಜೋರಾಗಿ ಸ್ಮ್ಯಾಶ್ ಮಾಡುವವನನ್ನು. ಅವನಿಗೆ ಚೆಂಡು ಎತ್ತಿಕೊಡುವವನ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಈ ವರ್ಷ ಅಭ್ಯಾಸದ ಹೊತ್ತಿನಲ್ಲಿ ಅವನಿಗೂ ಅಷ್ಟೇ ಸಮಯ ಕೊಡಬೇಕೆಂದು ದೈಹಿಕ ಶಿಕ್ಷಣ ವಿಭಾಗದ ಸರ್ ಅವರಲ್ಲಿ ನನ್ನ ವಿನಂತಿ. ಗೆದ್ದ ದಿನ ಚಪ್ಪಾಳೆ ಅವನಿಗೂ ಸಲ್ಲಲಿ.