ಗ್ರಂಥಸೂಚಿಯ ಬೀಗದ ಕೈ ಯಾರಲ್ಲಿರಬೇಕು?

ಪುಸ್ತಕಗಳನ್ನು ಕೊಂಡು ಕಪಾಟುಗಳಲ್ಲಿ ತುಂಬಿದ ಮಾತ್ರಕ್ಕೆ ಗ್ರಂಥಾಲಯವಾಗದೆಂಬುದು ವಾಚಕಮಹಾಶಯರಿಗೆ ತಿಳಿದ ವಿಷಯವಷ್ಟೆ. ಬೇಕಾದ ಹೊತ್ತಗೆಯು ಬೇಕಾದವನ ಕೈಗೆ ಸಿಕ್ಕದಿದ್ದರೆ ಅದು ಉಗ್ರಾಣವೇ ಹೊರತು ಗ್ರಂಥಾಲಯವಲ್ಲ. ಓದುಗನ ಕಾಲವನ್ನು ಉಳಿಸಬೇಕೆಂಬುದನ್ನು 1931ರಲ್ಲಿಯೇ ತಮ್ಮ ಪಂಚಸೂತ್ರಗಳಲ್ಲಿ ಒಂದಾಗಿ ವಿಧಿಸಿದ ಎಸ್. ಆರ್. ರಂಗನಾಥನ್ ಅವರು ತಮ್ಮ ಕಡೆಗಾಲವನ್ನು ಬೆಂಗಳೂರಿನಲ್ಲಿ ಕಳೆದರು. ಗ್ರಂಥಾಲಯಶಾಸ್ತ್ರದ ಸಂಶೋಧನೆಗೂ ಶಿಕ್ಷಣಕ್ಕೂ ಅಲ್ಲಿ 1962ರಲ್ಲಿ ಒಂದು ಕೇಂದ್ರವನ್ನು ಸ್ಥಾಪಿಸಿದರು. ಅಂತಹವರು ನೆಲಸಿದ್ದ ನಾಡಿನಲ್ಲಿ ಕನ್ನಡ ಪುಸ್ತಕವನ್ನು ಹುಡುಕುವವನ ಪಾಡೇನು?

ಹೆಸರುಗಳನ್ನು ಒಂದಕ್ಕೊಂದು ಜೋಡಿಸದ ಸೂಚಿಯಲ್ಲಿ 'ಕುವೆಂಪು' ಎಂದು ಹುಡುಕಿದವನಿಗೆ 'ಕೆ. ವಿ. ಪುಟ್ಟಪ್ಪ' ಎಂಬ ಹೆಸರಿನಲ್ಲಿ ದಾಖಲಾದ ಪುಸ್ತಕಗಳು ಕಾಣವು. ರೋಮನ್ ಲಿಪಿಯಲ್ಲಿ ಕಾರಂತರ ಹೆಸರಿನ ಕೊನೆಗೆ ಒಬ್ಬ ಗುಮಾಸ್ತನು 'ಎಚ್' ಅಕ್ಷರವನ್ನು ಸೇರಿಸಿ ಇನ್ನೊಬ್ಬನು ಬಿಟ್ಟರೆ, ಒಬ್ಬ ಗ್ರಂಥಕರ್ತರು ಇಬ್ಬರಾಗುತ್ತಾರೆ. ಕನ್ನಡ ಲಿಪಿಯಲ್ಲಿಯೇ ಬರೆದರೂ ತೊಡಕು ತಪ್ಪದು: 'ಕೊ' ಎಂಬಲ್ಲಿನ ಸ್ವರಚಿಹ್ನೆಯನ್ನು ಗಣಕಯಂತ್ರದಲ್ಲಿ ಒಂದೇ ಸಂಕೇತದಿಂದಲೂ, ಎರಡು ಸಂಕೇತಗಳ ಜೋಡಣೆಯಿಂದಲೂ ಮೂಡಿಸಬಹುದು. ಕಣ್ಣಿಗೆ ಎರಡೂ ಒಂದೇ. ತಿಳಿಯಹೇಳದ ಹೊರತು ಯಂತ್ರಕ್ಕೆ ಅವು ಬೇರೆ ಬೇರೆ.

ಈ ದೋಷಗಳು ಅಸಾಧ್ಯರೋಗಗಳೇನೂ ಅಲ್ಲ. ಆದರೆ ಚಿಕಿತ್ಸೆ ಮಾಡುವವನಿಗೆ ಯಂತ್ರದ ಒಳಗನ್ನು ನೋಡುವ ಅಧಿಕಾರವಿರಬೇಕಷ್ಟೆ. ಒಳಗನ್ನು ಮುಚ್ಚಿಟ್ಟು ಮಾರುವ ತಂತ್ರಾಂಶದಲ್ಲಿ ಅದು ವರ್ತಕನೊಬ್ಬನಿಗೇ ಮೀಸಲು. ಅವನಿಗೆ ಲಾಭ ತೋರಿದರೆ ಕನ್ನಡವನ್ನು ತಿದ್ದಿಯಾನು. ತೋರದಿದ್ದರೆ ನಮ್ಮ ಅರ್ಜಿಯು ಅವನ ಮೇಜಿನ ಮೇಲೆ ಧೂಳು ತಿನ್ನುವುದು.

ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ವಿಲ್ಲನೋವಾ ವಿಶ್ವವಿದ್ಯಾನಿಲಯದ ಗ್ರಂಥಾಲಯದವರು ಬೇರೊಂದು ಮಾರ್ಗವನ್ನು ಹಿಡಿದರು. ಅವರು ನಿರ್ಮಿಸಿದ 'ವ್ಯೂಫೈಂಡ್' ಎಂಬ ಹುಡುಕು ಸಾಧನವು 2007ರಲ್ಲಿ ಹೊರಬಂದು, 2010ರಲ್ಲಿ ಪೂರ್ಣರೂಪವನ್ನು ತಳೆಯಿತು. ಗ್ರಂಥಾಲಯದಲ್ಲಿ ಈಗಾಗಲೇ ಇರುವ ಎರವಲು ವ್ಯವಸ್ಥೆಯನ್ನು ಅದು ಕೀಳುವುದಿಲ್ಲ. ಅದರ ದಾಖಲೆಗಳನ್ನು ತೆಗೆದುಕೊಂಡು 'ಸೋಲರ್' ಎಂಬ ಇನ್ನೊಂದು ಮುಕ್ತ ತಂತ್ರಾಂಶದ ನೆರವಿನಿಂದ ಹೊಸ ಸೂಚಿಯನ್ನು ಕಟ್ಟುತ್ತದೆ. ಓದುಗನು ಕರ್ತೃ, ವಿಷಯ, ಭಾಷೆ, ವರ್ಷಗಳ ಮೇರೆಗೆ ಹುಡುಕಾಟವನ್ನು ಕಿರಿದುಗೊಳಿಸುತ್ತ ಹೋಗಬಹುದು. ಸಮಾನಪದಗಳ ಪಟ್ಟಿಯನ್ನು ಸೇರಿಸಿ ಕುವೆಂಪು-ಪುಟ್ಟಪ್ಪರನ್ನು ಒಂದುಗೂಡಿಸಬಹುದು. ಎರಡು ಬಗೆಯ ಸಂಕೇತಗಳನ್ನು ಒಂದೆಂದೆಣಿಸುವ ಉಪಾಯವೂ ಉಂಟು. ಇದನ್ನು ಯಾರು ಬೇಕಾದರೂ ಬಳಸಬಹುದು, ಒಳಗನ್ನು ನೋಡಬಹುದು, ತಿದ್ದಬಹುದು. ತಿದ್ದಿ ಹಂಚುವವನು ಅದೇ ಸ್ವಾತಂತ್ರ್ಯವನ್ನು ಪಡೆದವರಿಗೂ ಕೊಡತಕ್ಕದ್ದು. ಸುಮಾರು 55 ಲಕ್ಷ ಜನರ ಫಿನ್ಲೆಂಡು ದೇಶವು ಇದರ ಮೇಲೆಯೇ 'ಫಿನ್ನಾ' ಎಂಬ ಸೇವೆಯನ್ನು 2013ರಲ್ಲಿ ತೆರೆದು, ತನ್ನ ಗ್ರಂಥಾಲಯ, ದಫ್ತರಖಾನೆ, ವಸ್ತುಸಂಗ್ರಹಾಲಯಗಳ ಸಂಪತ್ತನ್ನು ಒಂದೆಡೆ ಹುಡುಕುವಂತೆ ಮಾಡಿತು. 2011ರ ಜನಗಣತಿಯಂತೆ 4 ಕೋಟಿಗೂ ಮಿಕ್ಕ ಜನರ ಮಾತೃಭಾಷೆಯಾದ ಕನ್ನಡಕ್ಕೆ ಇದು ಅಸಾಧ್ಯವೆ?

"ಬಿಟ್ಟಿ ಬಂದುದಕ್ಕೆ ಬೆಲೆಯಿಲ್ಲ, ಕೆಟ್ಟರೆ ಯಾರನ್ನು ಕೇಳುವುದು?" ಎಂದು ಕೆಲವರು ಆಕ್ಷೇಪಿಸುವರು. ಇದು ಬಿಟ್ಟಿಯಲ್ಲ. ಪರವಾನಗಿಯ ಶುಲ್ಕವಿಲ್ಲವೆಂಬುದು ನಿಜ. ಯಂತ್ರಕ್ಕೂ ಅದನ್ನು ಬಲ್ಲವನ ಸಂಬಳಕ್ಕೂ ಹಣ ಬೇಕೇ ಬೇಕು. ಆ ಹಣವು ವರ್ಷವರ್ಷವೂ ಕಪ್ಪವಾಗಿ ಹೊರಗೆ ಹೋಗದೆ ನಮ್ಮ ತರುಣರ ಜೀವನಕ್ಕೂ ವಿದ್ಯೆಗೂ ಆಗುವುದು ಮೇಲಲ್ಲವೆ? ವರ್ತಕನು ಅಂಗಡಿಯನ್ನು ಮುಚ್ಚಿದ ದಿನ ಯಾರನ್ನು ಕೇಳುವಿರೆಂದು ಆಕ್ಷೇಪಕರೇ ಹೇಳಲಿ.

ಇನ್ನು ಕೆಲವರು, ಸಾಧನವನ್ನು ತಂದು ನಿಲ್ಲಿಸಿದರೆ ಕೆಲಸವೆಲ್ಲ ಮುಗಿಯಿತೆಂದು ತಿಳಿದಿರುವರು. ಇದೂ ಭ್ರಮೆಯೇ. ದಾಖಲೆಯೇ ಕೆಟ್ಟಿರಲು ಯಾವ ಯಂತ್ರವೂ ಪುಸ್ತಕವನ್ನು ಹುಡುಕಿಕೊಡಲಾರದು. ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲಿ ಬರೆದು, ಕಾವ್ಯನಾಮ ನಿಜನಾಮಗಳನ್ನು ಜೋಡಿಸುವ ವಿದ್ವಾಂಸರು ಬೇಕು. ಉಳಿದ ಹಣವು ಮೊದಲು ಅವರಿಗೆ ಸಲ್ಲತಕ್ಕದ್ದು.

1965ರ ಸಾರ್ವಜನಿಕ ಗ್ರಂಥಾಲಯಗಳ ಶಾಸನದ ಮೇರೆಗೆ ಕರ್ಣಾಟಕದ ಗೃಹಸ್ಥರು ಮನೆಗಂದಾಯದೊಡನೆ ಗ್ರಂಥಾಲಯದ ಕರವನ್ನೂ ತೆರುತ್ತಿರುವರು. ಆದುದರಿಂದ ಕೇಳುವ ಹಕ್ಕು ನಮಗುಂಟು. ತಮ್ಮ ಊರಿನ ಗ್ರಂಥಾಲಯಾಧಿಕಾರಿಗಳನ್ನು ವಾಚಕರು ಮೂರು ಮಾತು ಕೇಳಲಿ: ಸೂಚಿಯು ಕನ್ನಡದಲ್ಲಿದೆಯೆ? ಅದನ್ನು ತಿದ್ದುವ ಅಧಿಕಾರ ಯಾರದು? ನಾಳೆ ತಂತ್ರಾಂಶವನ್ನು ಬದಲಿಸಿದರೆ ದಾಖಲೆಗಳು ನಮ್ಮಲ್ಲಿಯೇ ಉಳಿಯುವುವೆ? ಉತ್ತರ ಬರುವ ತನಕ ಕೇಳುತ್ತಲೇ ಇರಲಿ.