ಮುಸುಕಿನ ಜೋಳವೂ ಮುನಿದ ಮಳೆಯೂ

‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’ ಎಂಬ ಗಾದೆಯನ್ನು ತರಗತಿಯಲ್ಲಿ ವಿವರಿಸುವಾಗ ಈಚೆಗೆ ನನಗೆ ಸಂಕೋಚವಾಗುತ್ತದೆ. ಗಾದೆಯ ಪ್ರಾಸ ಕೆಟ್ಟಿಲ್ಲ. ಮಳೆಯ ನಡೆ ಕೆಟ್ಟಿದೆ.

ಆ ಗಾದೆಯ ಜೋಳ ಬಯಲುಸೀಮೆಯ ಬಿಳಿಯ ಜೋಳ. ನಮ್ಮ ಕಡೆಯ ಮುಸುಕಿನ ಜೋಳವಾದರೋ ಮೆಕ್ಸಿಕೋ ಮೂಲದ್ದು. ತೆನೆಯು ಸಿಪ್ಪೆಯ ಮುಸುಕಿನೊಳಗೆ ಬಲಿಯುವುದರಿಂದ ನಮ್ಮ ಜನ ಕೊಟ್ಟ ಅನ್ವರ್ಥನಾಮವಿದು. ಆ ಮುಸುಕಿನೊಳಗೇ ಬೆಳೆಯ ಮರ್ಮವಿದೆ. ಬಿತ್ತಿದ ಸುಮಾರು 55–60 ದಿನಗಳಿಗೆ ತುದಿಯ ಗಂಡುಹೂವು ಪರಾಗವನ್ನು ಚೆಲ್ಲುತ್ತದೆ. ತೆನೆಯಿಂದ ರೇಷ್ಮೆಯಂಥ ಎಳೆಗಳು ಹೊರಬರುತ್ತವೆ. ಒಂದೊಂದು ಎಳೆಗೆ ಒಂದೊಂದು ಕಾಳು. ಆಗ ಮಳೆ ಕೈಕೊಟ್ಟರೆ ಎಳೆ ತಡವಾಗಿ ಹೊರಡುತ್ತದೆ, ಅಷ್ಟರಲ್ಲಿ ಪರಾಗ ತೀರಿರುತ್ತದೆ. ತಾಪ 35 ಡಿಗ್ರಿ ಮೀರಿದರೆ ಪರಾಗವೇ ಸತ್ತ್ವಹೀನವಾಗುತ್ತದೆ. ಬಿಸಿಲೇರಿದಷ್ಟೂ ಪೈರು ಅವಸರದಿಂದ ಮಾಗಿ ಕಾಳು ಜೊಳ್ಳಾಗುತ್ತದೆ. ಹೀಗೆ ಹಂಗಾಮು ಸರಿಯುವುದಷ್ಟೇ ಅಲ್ಲ, ಕುಗ್ಗುತ್ತಲೂ ಇದೆ.

ನಾಗಮಂಗಲ, ಕೃಷ್ಣರಾಜಪೇಟೆಯ ಮಳೆಯಾಶ್ರಿತ ಹೊಲದವರ ಚಿಂತೆ ಇದು, ನಾಲೆಯ ನೀರುಂಡು ಭತ್ತ ಕಬ್ಬು ಬೆಳೆವ ಪಾಲಹಳ್ಳಿಗೇಕೆ ಎನ್ನುವವರುಂಟು. 2023ರಲ್ಲಿ ಕನ್ನಂಬಾಡಿ ಕಟ್ಟೆ ತುಂಬಲಿಲ್ಲ; ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆನಿಸಿದವು. 2025ರಲ್ಲಾದರೋ ಅದೇ ಕಟ್ಟೆ ಜೂನ್ ತಿಂಗಳಲ್ಲೇ ತುಂಬಿ ಬಾಗಿನ ಪಡೆಯಿತು. ಎಳೆಯ ಜೋಳಕ್ಕೆ ನಿಂತ ನೀರೂ ಶತ್ರುವೇ. ಎರಡು ವರ್ಷಗಳಲ್ಲಿ ಎರಡು ಅತಿರೇಕಗಳನ್ನು ಕಂಡ ಮೇಲೂ ನಾಲೆಯ ಭರವಸೆಯಲ್ಲಿ ನಿದ್ರಿಸುವುದು ವಿವೇಕವೇ? ಮೊದಲ ಬಿತ್ತನೆ ಕೆಟ್ಟ ರೈತನಿಗೆ ಮರುಬಿತ್ತನೆಯ ಸಂಕರಣ ಬೀಜ ಮನೆಯ ಕಣಜದಲ್ಲಿರುವುದಿಲ್ಲ; ಮತ್ತೆ ಬೀಜವೆಂದರೆ ಮತ್ತೆ ಸಾಲ.

ಹಾಗೆಂದು ಪಂಚಾಂಗವನ್ನು ಹಳಿಯುವವರ ಪಂಕ್ತಿಯಲ್ಲಿ ನಾನಿಲ್ಲ. ರವಿಯು ರೋಹಿಣಿಯಲ್ಲಿರುವ ದಿನಗಳನ್ನು ಅದು ತಪ್ಪದೆ ಹೇಳುತ್ತದೆ. ಮೋಡ ಎಲ್ಲಿರುವುದೆಂಬ ಹೊಣೆಯನ್ನು ಅದರ ಮೇಲೆ ಹೊರಿಸಿದವರು ನಾವು. ಮಳೆನಕ್ಷತ್ರಗಳ ಗಾದೆಗಳು ಹಿರಿಯರು ತಲೆಮಾರುಗಟ್ಟಲೆ ಕಣ್ಣಾರೆ ಕಂಡು ಕಟ್ಟಿದವು. ಆ ಮಾತನ್ನು ಉಳಿಸಿಕೊಂಡು ಆ ನೋಟವನ್ನು ಬಿಟ್ಟವರು ನಾವು.

ಆದ್ದರಿಂದ ನನ್ನದೊಂದು ಬಿನ್ನಹ. ನಮ್ಮ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವಿರಲಿ. ಅಶ್ವಿನಿಯಿಂದ ಸ್ವಾತಿಯವರೆಗೆ ಯಾವ ಮಳೆ ಎಂದು ಬಂದಿತು, ಎಷ್ಟು ಮಿಲಿಮೀಟರು ಸುರಿಯಿತು ಎಂಬುದನ್ನು ಮಕ್ಕಳು ದಿನವೂ ಬರೆದಿಡಲಿ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ಹೇಮಾ’ದಂಥ ಜೋಳದ ತಳಿಗಳನ್ನು ರೂಪಿಸಿದ ತಜ್ಞರಿದ್ದಾರೆ, ಆ ಲೆಕ್ಕವನ್ನು ಅವರ ಮುಂದಿಟ್ಟು, ಯಾವ ಅವಧಿಯ ತಳಿಯನ್ನು ಎಂದು ಬಿತ್ತಬೇಕೆಂದು ಕೇಳೋಣ. ದಾನಿಗಳಿಗೆ ಇದು ಅಲ್ಪವ್ಯಯ, ಅಧ್ಯಾಪಕರಿಗೆ ಅಲ್ಪಶ್ರಮ. ಹತ್ತು ವರ್ಷಗಳ ಆ ಕಡತ ಮಾತ್ರ ಊರಿಗೆ ಅಮೂಲ್ಯವಾದೀತು. ಹೊಸ ಗಾದೆ ಹುಟ್ಟುವುದಾದರೆ ಅಂಥ ಕಡತದಿಂದಲೇ ಹುಟ್ಟಬೇಕು.