ವಿಮಾನ ಹಾರಿಸಲು ಎಂಥ ಕಂಪ್ಯೂಟರ್ ಬೇಕು?

ದೊಡ್ಡಬಳ್ಳಾಪುರದ ಕಡೆ ಬಯಲಿನಲ್ಲಿ ನಿಂತರೆ ದೇವನಹಳ್ಳಿಯಿಂದ ಏರಿದ ವಿಮಾನಗಳು ಕಣ್ಣಿಗೆ ಬೀಳುತ್ತವೆ. 2008ರಲ್ಲಿ ಅಲ್ಲಿ ನಿಲ್ದಾಣ ಶುರುವಾದ ಹೊಸತರಲ್ಲಿ ಪಾಠ ನಿಲ್ಲಿಸಿ ಮಕ್ಕಳ ಜೊತೆ ನಾನೂ ಕತ್ತೆತ್ತಿ ನೋಡಿದ್ದುಂಟು. ಈಗಿನ ಮಕ್ಕಳಿಗೆ ನೋಡಿದರೆ ಸಾಲದು, ತಾವೇ ಹಾರಿಸಬೇಕು. ಅದೂ ಮನೆಯಲ್ಲಿ ಕೂತು, ಕಂಪ್ಯೂಟರಿನ ಪರದೆಯ ಮೇಲೆ. ನೆಲಮಂಗಲದ ಹುಡುಗನಿಗೆ ಲಾರಿ ಓಡಿಸುವ ಆಸೆ, ಹೊಸಕೋಟೆಯ ಹುಡುಗಿಗೆ ಊರನ್ನೇ ಕಟ್ಟುವ ಆಸೆ. ಇಂಥ ಆಟಗಳಿಗೆ ಸಿಮ್ಯುಲೇಷನ್ ಆಟಗಳೆಂದು ಹೆಸರು. ನಿಜ ಜಗತ್ತಿನ ನಿಯಮಗಳನ್ನು ಲೆಕ್ಕ ಹಾಕಿ ಪರದೆಯ ಮೇಲೆ ನಡೆಸಿ ತೋರಿಸುವ ಆಟಗಳು ಎಂದರ್ಥ.

ಈ ವಾರ ಇದನ್ನೇ ಎತ್ತಿಕೊಳ್ಳಲು ಕಾರಣವಿದೆ. ನಾನೇ ಮಾಡಿದ ಒಂದು ತಪ್ಪು.

ನಮ್ಮಲ್ಲಿ ಓದಿ ಪಿಯುಸಿಗೆ ಸೇರಿದ ಹುಡುಗನೊಬ್ಬನ ತಂದೆ ಒಂದು ದಿನ ಶಾಲೆಗೆ ಬಂದರು. ಮನೆಯಲ್ಲಿ ಎರಡು ವಿದ್ಯುತ್ ಮಗ್ಗ ಇಟ್ಟುಕೊಂಡು ಸೀರೆ ನೇಯುವವರು. "ಮೇಷ್ಟ್ರೇ, ಹುಡುಗ ವಿಮಾನದ ಆಟಕ್ಕೆ ಕಂಪ್ಯೂಟರ್ ಬೇಕು ಅಂತ ಒಂದೇ ಸಮ ಹಟ ಮಾಡ್ತಾವ್ನೆ. ಯಾವುದು ತಗೊಳ್ಳಲಿ?" ಎಂದರು. ನಾನು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತದೆ, "ಐ7 ಇರೋದು ತಗೊಳ್ಳಿ, ಸಾಕು" ಎಂದೆ.

ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಬಂದರು. 28,000 ರೂಪಾಯಿ ಕೊಟ್ಟು ಐ7 ಎಂಬ ಚೀಟಿ ಅಂಟಿಸಿದ್ದ ಪೆಟ್ಟಿಗೆ ತಂದಿದ್ದರು. ಆಟ ಮಾತ್ರ ನಡೆಯುತ್ತಿರಲಿಲ್ಲ. ಹೋಗಿ ನೋಡಿದರೆ ಒಳಗಿದ್ದದ್ದು ಐ7-2600, ಅಂದರೆ 2011ರಲ್ಲಿ ಮಾರುಕಟ್ಟೆಗೆ ಬಂದ ಚಿಪ್ಪು. ಯಾವುದೋ ಕಚೇರಿಯಿಂದ ಹೊರಬಿದ್ದ ಯಂತ್ರಕ್ಕೆ ಬಣ್ಣದ ದೀಪದ ಹೊಸ ಕವಚ ತೊಡಿಸಿದ್ದರು. "ನೀವು ಹೇಳಿದ್ದನ್ನೇ ತಗೊಂಡೆ ಮೇಷ್ಟ್ರೇ" ಎಂದರು ಆ ಯಜಮಾನರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ಅದು ಐ7ನೇ. ಅರ್ಧ ಸತ್ಯ ಹೇಳಿದವನು ನಾನು. ಹೆಸರಿನ ಮುಂದಿರುವ ಸಂಖ್ಯೆಯನ್ನೂ ನೋಡಿ ಎಂದು ಹೇಳಬೇಕಿತ್ತು. 2600 ಎಂಬಲ್ಲಿ ಕೊನೆಯ ಮೂರು ಅಂಕಿ ಬಿಟ್ಟರೆ ಉಳಿಯುವುದು 2, ಎಂದರೆ ಎರಡನೆಯ ತಲೆಮಾರು. ಐ3-12100 ಎಂಬುದು ಹನ್ನೆರಡನೆಯ ತಲೆಮಾರು, 2022ರದು. ಹೆಸರಿನಲ್ಲಿ ಐ3 ಆದರೂ ಕೆಲಸದಲ್ಲಿ ಅದು ಆ ಹಳೆಯ ಐ7 ಅನ್ನು ಬಹಳ ಹಿಂದೆ ಹಾಕುತ್ತದೆ. ಇನ್ನೊಂದು ತೊಡಕೂ ಉಂಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಕಂಪನಿ ಒಪ್ಪುವ ಇಂಟೆಲ್ ಚಿಪ್ಪುಗಳು ಬಹುತೇಕ ಎಂಟನೆಯ ತಲೆಮಾರಿನಿಂದ ಈಚಿನವು. ಹಳೆಯ ಯಂತ್ರ ಕೊಳ್ಳುವವರು ಈ ಗೆರೆಯನ್ನು ನೆನಪಿಡಬೇಕು.

ಮಗ್ಗ ಹೇಳಿದ ಪಾಠ

ಆ ದಿನ ಅವರ ಮನೆಯಲ್ಲಿ ಮಗ್ಗ ತೋರಿಸಿಯೇ ವಿಷಯ ವಿವರಿಸಬೇಕಾಯಿತು. ಜಕಾರ್ಡ್ ಮಗ್ಗದಲ್ಲಿ ಮೇಲೆ ತೂತು ಹೊಡೆದ ಕಾರ್ಡುಗಳ ಸರ ಇರುತ್ತದೆ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಹೇಳುವುದು ಆ ಕಾರ್ಡು. ಕೆಳಗೆ ಲಾಳಿ ಓಡಿ ಬಟ್ಟೆಯಾಗುತ್ತದೆ. ಕಾರ್ಡು ತಡವಾಗಿ ತಿರುಗಿದರೆ ಲಾಳಿ ಎಷ್ಟು ಚುರುಕಾಗಿದ್ದರೂ ಕಾಯುತ್ತಾ ನಿಲ್ಲಬೇಕು.

ಕಂಪ್ಯೂಟರಿನಲ್ಲೂ ಹೀಗೆಯೇ. ಪ್ರೊಸೆಸರ್ ಎಂಬುದು ಲೆಕ್ಕ ಹಾಕಿ ಅಪ್ಪಣೆ ಕೊಡುತ್ತದೆ, ಗ್ರಾಫಿಕ್ಸ್ ಕಾರ್ಡ್ ಎಂಬುದು ಚಿತ್ರ ಬರೆಯುತ್ತದೆ. ಪರದೆಯ ಮೇಲಿನ ಚಲನೆ ಕಣ್ಣಿಗೆ ಸರಾಗವಾಗಿ ಕಾಣಲು ಸೆಕೆಂಡಿಗೆ 30 ಚಿತ್ರಗಳಾದರೂ ಬೇಕು. ಹಾಗಾದರೆ ಒಂದು ಚಿತ್ರಕ್ಕೆ ಸಿಗುವ ವೇಳೆ ಸೆಕೆಂಡಿನ ಸಾವಿರದಲ್ಲಿ 33 ಭಾಗ ಮಾತ್ರ. ಅಷ್ಟರೊಳಗೆ ರೆಕ್ಕೆಯ ಮೇಲಿನ ಗಾಳಿಯ ಒತ್ತಡ, ಎಂಜಿನ್ನಿನ ಬಲ, ವಿಮಾನದ ತೂಕ, ಸುತ್ತಲಿನ ಬೇರೆ ವಿಮಾನಗಳು, ಎಲ್ಲದರ ಲೆಕ್ಕ ಮುಗಿಯಬೇಕು. ಗುಂಡು ಹೊಡೆಯುವ ಆಟಗಳಿಗೆ ಇಷ್ಟೊಂದು ಲೆಕ್ಕವಿಲ್ಲ, ಅಲ್ಲಿ ಚಿತ್ರದ ಹೊರೆಯೇ ಹೆಚ್ಚು. ಆದ್ದರಿಂದ ಸಿಮ್ಯುಲೇಷನ್ ಆಟಗಳಿಗೆ ಪ್ರೊಸೆಸರ್ ಮತ್ತು ಮೆಮೊರಿ ಮೊದಲು, ಗ್ರಾಫಿಕ್ಸ್ ಕಾರ್ಡ್ ಆಮೇಲೆ. ಬಣ್ಣದ ದೀಪಗಳು ಯಾವ ಲೆಕ್ಕಕ್ಕೂ ಇಲ್ಲ.

ಈ ಲೆಕ್ಕಗಳಲ್ಲಿ ಮುಖ್ಯವಾದದ್ದು ಹಂಚಿಕೊಳ್ಳಲು ಸುಲಭವಲ್ಲದ ಕೆಲಸ. ಪ್ರೊಸೆಸರಿನಲ್ಲಿ ಹಲವು ಕೋರ್‌ಗಳಿದ್ದರೂ ಹೆಚ್ಚಿನ ಭಾರ ಒಂದೆರಡರ ಮೇಲೆ ಬೀಳುತ್ತದೆ. ಹೀಗಾಗಿ ನಿಧಾನದ 12 ಕೋರ್‌ಗಿಂತ ಚುರುಕಾದ 6 ಕೋರ್ ವಾಸಿ.

ಮೊದಲು ಆಟ, ಆಮೇಲೆ ಯಂತ್ರ

ಎಲ್ಲ ಸಿಮ್ಯುಲೇಷನ್ ಆಟಗಳ ಹಸಿವೂ ಒಂದೇ ಅಲ್ಲ. ಲಾರಿ ಓಡಿಸುವ 'ಯೂರೋ ಟ್ರಕ್ ಸಿಮ್ಯುಲೇಟರ್ 2' ಬಂದದ್ದು 2012ರಲ್ಲಿ, ಸಾಧಾರಣ ಯಂತ್ರದಲ್ಲೂ ನಡೆಯುತ್ತದೆ. 'ಫ್ಲೈಟ್‌ಗೇರ್' ಎಂಬ ವಿಮಾನದ ಆಟ 1997ರಿಂದ ಇದೆ, ಉಚಿತವಾಗಿಯೇ ಸಿಗುತ್ತದೆ. ನಗರ ಕಟ್ಟುವ 'ಸಿಟೀಸ್ ಸ್ಕೈಲೈನ್ಸ್ 2' ಇನ್ನೊಂದು ಬಗೆ. ಊರು ಚಿಕ್ಕದಿದ್ದಾಗ ಆಟ ಹಗುರ. ಜನಸಂಖ್ಯೆ ಬೆಳೆದಂತೆ ಅವರೆಲ್ಲರ ಓಡಾಟದ ಲೆಕ್ಕವೂ ಬೆಳೆದು ಯಂತ್ರ ಏದುಸಿರು ಬಿಡುತ್ತದೆ.

ಎಲ್ಲಕ್ಕಿಂತ ಹೊಟ್ಟೆಬಾಕ 'ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್'. 1982ರಲ್ಲಿ ಇದರ ಮೊದಲ ಆವೃತ್ತಿ ಬಂದಾಗ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. 2024ರ ಆವೃತ್ತಿಗೆ ಕನಿಷ್ಠ 16 ಜಿಬಿ ಮೆಮೊರಿ ಬೇಕು, 32 ಇದ್ದರೆ ಒಳ್ಳೆಯದು ಎಂದು ತಯಾರಕರೇ ಹೇಳುತ್ತಾರೆ. ಇದರ ಭೂದೃಶ್ಯಗಳು ಆಡುತ್ತಿರುವಾಗಲೇ ಇಂಟರ್ನೆಟ್ಟಿನಿಂದ ಇಳಿಯುತ್ತವೆ. ಸೆಕೆಂಡಿಗೆ ಕನಿಷ್ಠ 10 ಮೆಗಾಬಿಟ್, ಸರಾಗಕ್ಕೆ 50 ಮೆಗಾಬಿಟ್ ವೇಗ ಬೇಕು. ಮೊಬೈಲಿನ ದಿನದ 2 ಜಿಬಿ ನೆಚ್ಚಿಕೊಂಡು ಇದನ್ನು ಕೊಂಡವರು ಬೇಗ ನಿರಾಶರಾಗುತ್ತಾರೆ. ನಿಮ್ಮ ಹಳ್ಳಿಗೆ ಫೈಬರ್ ತಂತಿ ಬಂದಿಲ್ಲವಾದರೆ ದೃಶ್ಯಗಳನ್ನು ಡಿಸ್ಕಿನಲ್ಲೇ ಇಟ್ಟುಕೊಳ್ಳುವ 'ಎಕ್ಸ್-ಪ್ಲೇನ್ 12' ನಂಥ ಆಟ ಆರಿಸುವುದು ಮೇಲು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮಕ್ಕಳೇ ಆಟದ ಹೆಸರು ಬರೆದು, ತಯಾರಕರು ಕೊಟ್ಟಿರುವ 'ಶಿಫಾರಸು ಮಾಡಿದ' ಪಟ್ಟಿಯನ್ನು ಬರೆದುಕೊಳ್ಳಲಿ. 'ಕನಿಷ್ಠ' ಎಂಬ ಪಟ್ಟಿ ಹೇಗೋ ನಡೆದೀತು ಎನ್ನುವುದಕ್ಕೆ, ಆಡುವುದಕ್ಕಲ್ಲ.

ಹಣವನ್ನು ಹಂಚುವ ಬಗೆ

ಪರದೆಯೂ ಸೇರಿ 60ರಿಂದ 80 ಸಾವಿರ ರೂಪಾಯಿಯನ್ನು ನಾನು ಮಧ್ಯಮ ವೆಚ್ಚ ಎನ್ನುತ್ತೇನೆ. ದರಗಳು ವಾರಕ್ಕೊಂದಾಗುತ್ತವೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಏಕಾಏಕಿ ಏರಿದ್ದನ್ನು ಕೊಂಡವರೆಲ್ಲ ಬಲ್ಲರು. ಆದ್ದರಿಂದ ದರಕ್ಕಿಂತ ಪಾಲು ಹೇಳುತ್ತೇನೆ. ಒಟ್ಟು ಹಣದಲ್ಲಿ ಕಾಲು ಭಾಗ ಪ್ರೊಸೆಸರ್ ಮತ್ತು ಮದರ್‌ಬೋರ್ಡಿಗೆ, ಸುಮಾರು ಮೂರನೇ ಒಂದು ಭಾಗ ಗ್ರಾಫಿಕ್ಸ್ ಕಾರ್ಡಿಗೆ, ಐದನೇ ಒಂದು ಭಾಗ ಮೆಮೊರಿ ಮತ್ತು ಎಸ್‌ಎಸ್‌ಡಿಗೆ, ಉಳಿದದ್ದು ಪರದೆ, ಕವಚ ಮತ್ತು ಪವರ್ ಸಪ್ಲೈಗೆ.

ಪ್ರೊಸೆಸರಿನಲ್ಲಿ ಎಎಂಡಿಯ ರೈಜನ್ 5 5600, ಅದಕ್ಕಿಂತ ಹೊಸದಾದ 7600, ಇಂಟೆಲ್‌ನ ಐ5-12400ಎಫ್, ಇವು 6 ಕೋರಿನ ನಂಬಿಕಸ್ತ ಆಳುಗಳು. ಮುಂದೆ ಪ್ರೊಸೆಸರನ್ನಷ್ಟೇ ಬದಲಿಸುವ ಯೋಚನೆ ಇದ್ದರೆ 7600 ಕೂರುವ ಎಎಂ5 ಬೋರ್ಡು ಒಳ್ಳೆಯದು. ಮೆಮೊರಿ 16 ಜಿಬಿಗೆ ಕಡಿಮೆ ಬೇಡ. ಅದೂ ಒಂದೇ ಪಟ್ಟಿಯಲ್ಲಲ್ಲ, 8 ಜಿಬಿಯ ಎರಡು ಪಟ್ಟಿ. ಒಂದು ನಲ್ಲಿಗಿಂತ ಎರಡು ನಲ್ಲಿಯಲ್ಲಿ ಕೊಡ ಬೇಗ ತುಂಬುತ್ತದಲ್ಲವೇ? ಡಿಸ್ಕು 1 ಟಿಬಿಯ ಎಸ್‌ಎಸ್‌ಡಿ ಇರಲಿ.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಮೋಸ ಹೋಗುವುದು ಸುಲಭ. '4 ಜಿಬಿ ಗ್ರಾಫಿಕ್ಸ್' ಎಂದು ತೋರಿಸುವ ಜಿಟಿ 730 ಎಂಬ ಕಾರ್ಡು 2014ರದು. ಉಗ್ರಾಣ ದೊಡ್ಡದಾದರೆ ಆಳಿನ ಕೈ ಚುರುಕಾಗುವುದಿಲ್ಲ. ಜಿಬಿ ಕೇಳುವ ಮೊದಲು ಕಾರ್ಡಿನ ಹೆಸರು, ಅದು ಬಂದ ವರ್ಷ ಕೇಳಿ. ಆರ್‌ಟಿಎಕ್ಸ್ 4060 ಅಥವಾ 5060 ದರ್ಜೆಯ ಕಾರ್ಡು ಮಧ್ಯಮ ವೆಚ್ಚಕ್ಕೆ ಹೊಂದುತ್ತದೆ. ಅದರ ಜೊತೆಗೆ 1080ಪಿ ಪರದೆ ಸಾಕು. ಅದರಲ್ಲಿ ಸುಮಾರು 20 ಲಕ್ಷ ಚುಕ್ಕಿಗಳು, 4ಕೆ ಪರದೆಯಲ್ಲಿ 83 ಲಕ್ಷ. ನಾಲ್ಕು ಪಟ್ಟು ಚುಕ್ಕಿ ಎಂದರೆ ಕಾರ್ಡಿಗೆ ಸುಮಾರು ನಾಲ್ಕು ಪಟ್ಟು ದುಡಿಮೆ.

ಅಷ್ಟು ಹಣ ಕೂಡಿಲ್ಲವೇ? ಗ್ರಾಫಿಕ್ಸ್ ಪ್ರೊಸೆಸರಿನೊಳಗೇ ಇರುವ ರೈಜನ್ 5 8600ಜಿ ನಂಥದ್ದನ್ನು ಕೊಂಡು ಲಾರಿ ಆಟ, ಫ್ಲೈಟ್‌ಗೇರ್ ಆಡುತ್ತಿರಿ. ಕಾರ್ಡನ್ನು ಮುಂದಿನ ವರ್ಷ ಸೇರಿಸಬಹುದು. ಅದಕ್ಕಾಗಿ ಸಾಲ ಮಾಡುವುದು ಬೇಡ.

ನಮ್ಮ ಕರೆಂಟು, ನಮ್ಮ ಧೂಳು

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಚೆನ್ನಾಗಿ ನಡೆದ ಯಂತ್ರ ನಮ್ಮ ಮನೆಯಲ್ಲಿ ಮುನಿಸಿಕೊಳ್ಳುವುದುಂಟು. ಮೋಟಾರುಗಳು ಹೆಚ್ಚಾಗಿರುವ ಬೀದಿಯಲ್ಲಿ ವೋಲ್ಟೇಜ್ ಏರಿಳಿಯುತ್ತದೆ. ಹಣ ಉಳಿಸಲು ಅಂಗಡಿಯವರು ಮೊದಲು ಕೈಹಾಕುವುದು ಪವರ್ ಸಪ್ಲೈಗೆ. ಅಲ್ಲಿ ಬಿಡಬೇಡಿ. '80 ಪ್ಲಸ್' ಗುರುತಿರುವ 550 ವ್ಯಾಟ್‌ನದು ಕೇಳಿ. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಶೇಕಡ 80 ಭಾಗವನ್ನಾದರೂ ಅದು ಒಳಗೆ ಮುಟ್ಟಿಸುತ್ತದೆ ಎಂಬುದಕ್ಕೆ ಆ ಗುರುತು.

ಯುಪಿಎಸ್ ಮೇಲೆ 600 ಎಂದು ಬರೆದಿದ್ದರೆ ಅದು ವಿಎ, ವ್ಯಾಟ್ ಅಲ್ಲ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಆಸುಪಾಸು. ಆಟ ನಡೆಯುವಾಗ ಇಂಥ ಕಂಪ್ಯೂಟರ್ 250ರಿಂದ 300 ವ್ಯಾಟ್ ಎಳೆಯುತ್ತದೆ, ಆದ್ದರಿಂದ 1000 ವಿಎ ಯುಪಿಎಸ್ ಕೊಳ್ಳುವುದು ಕ್ಷೇಮ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ನೋಡಿಸಿ. ದಿನಕ್ಕೆ 2 ಗಂಟೆ ಆಡಿದರೆ ತಿಂಗಳಿಗೆ 18 ಯೂನಿಟ್ಟಿನವರೆಗೆ ಉರಿಯುತ್ತದೆ. ಗೃಹಜ್ಯೋತಿಯ ಮನೆಯವರು ತಮಗೆ ನಿಗದಿಯಾದ ಯೂನಿಟ್ ಎಷ್ಟೆಂದು ಬಿಲ್ಲಿನಲ್ಲಿ ನೋಡಿಕೊಳ್ಳಲಿ. ಕವಚವನ್ನು ನೆಲದ ಮೇಲಿಡದೆ ಮಣೆಯ ಮೇಲಿಡಿ, ಧೂಳು ಅಷ್ಟರಮಟ್ಟಿಗೆ ಕಡಿಮೆ.

ಆಟದಿಂದ ಪಾಠ

ಅಷ್ಟು ಹಣ ಹಾಕಿ ಮಕ್ಕಳಿಗೆ ಸಿಗುವುದೇನು ಎಂದು ತಂದೆತಾಯಂದಿರು ಕೇಳುವುದು ನ್ಯಾಯವೇ. ಮನೆಯಲ್ಲಿ ಸಾವಿರ ಗಂಟೆ ಹಾರಿಸಿದರೂ ಪೈಲಟ್ ಪರವಾನಗಿಗೆ ಒಂದು ಗಂಟೆಯೂ ಜಮೆಯಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಭೌತಶಾಸ್ತ್ರ ಮಾತ್ರ ಧಾರಾಳವಾಗಿ ಸಿಗುತ್ತದೆ, ಹುಡುಕುವವರಿಗೆ.

ಒಂದು ಪ್ರಯೋಗ ಹೇಳುತ್ತೇನೆ. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ, ಮಂಗಳೂರಿನದು 350 ಅಡಿಯೊಳಗೆ. ಎತ್ತರದಲ್ಲಿ ಗಾಳಿ ತೆಳು. ರೆಕ್ಕೆಯನ್ನು ಎತ್ತುವ ಬಲ ಗಾಳಿಯ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಗುಣವಾಗಿರುತ್ತದೆ. ಸಾಂದ್ರತೆ ಶೇಕಡ 10 ಇಳಿದರೆ ಅದೇ ಬಲಕ್ಕೆ ವೇಗ ಸುಮಾರು ಶೇಕಡ 5 ಹೆಚ್ಚಬೇಕು, ಓಡಬೇಕಾದ ದೂರ ಶೇಕಡ 10ಕ್ಕೂ ಮಿಕ್ಕಿ ಹೆಚ್ಚಬೇಕು. ಒಂದೇ ವಿಮಾನ, ಒಂದೇ ತೂಕ, ಒಂದೇ ಉಷ್ಣತೆ, ಗಾಳಿ ಬೀಸದ ಹವೆ ಇಟ್ಟುಕೊಂಡು ಎರಡೂ ಕಡೆ ಏರಿಸಿ, ಓಡಿದ ದೂರ ಬರೆದುಕೊಳ್ಳಿ. ಸೂತ್ರ ಸರಿಯೋ ತಪ್ಪೋ ನೀವೇ ಹೇಳುವಿರಿ.

ಆ ನೇಕಾರರ ಮನೆಯ ಕಥೆ ಏನಾಯಿತೆಂದರೆ, ಆ 28,000 ಪೂರ್ತಿ ಮುಳುಗಲಿಲ್ಲ. ಪರದೆ, ಕೀಲಿಮಣೆ, ಕವಚ ಉಳಿದವು. ಉಳಿದ ಭಾಗಗಳಿಗೆ ಅವರು ಹಣ ಕೂಡಿಸುವವರೆಗೆ ಹುಡುಗ ಹಳೆಯ ಯಂತ್ರದಲ್ಲೇ ದೃಶ್ಯದ ಮಟ್ಟ ತಗ್ಗಿಸಿಕೊಂಡು ಫ್ಲೈಟ್‌ಗೇರ್ ಆಡಿದ. ಎರಡನೆಯ ಸಲ ಕೊಳ್ಳುವಾಗ ತಂದೆ, ಮಗ, ನಾನು ಮೂವರೂ ಕೂತು ಪಟ್ಟಿ ಬರೆದೆವು. ಈ ಸಲ ನನ್ನ ಕೈಯಲ್ಲಿ ಉತ್ತರ ಪತ್ರಿಕೆ ಇರಲಿಲ್ಲ. ಆ ಪಟ್ಟಿಯ ಪ್ರಶ್ನೆಗಳು ಇಲ್ಲಿವೆ, ಕತ್ತರಿಸಿ ಇಟ್ಟುಕೊಳ್ಳಿ:

1. ಯಾವ ಆಟ? ಅದರ ಶಿಫಾರಸು ಪಟ್ಟಿ ಏನು?
2. ಪ್ರೊಸೆಸರಿನ ಪೂರ್ಣ ಸಂಖ್ಯೆ ಏನು, ಬಂದ ವರ್ಷ ಯಾವುದು?
3. ಮೆಮೊರಿ ಎಷ್ಟು, ಎಷ್ಟು ಪಟ್ಟಿಯಲ್ಲಿ?
4. ಗ್ರಾಫಿಕ್ಸ್ ಕಾರ್ಡಿನ ಹೆಸರೇನು?
5. ಪವರ್ ಸಪ್ಲೈ ಯಾವ ಕಂಪನಿಯದು, ಎಷ್ಟು ವ್ಯಾಟ್?
6. ಪ್ರತಿ ಭಾಗದ ಹೆಸರೂ ವಾರಂಟಿಯೂ ಬಿಲ್ಲಿನಲ್ಲಿ ಬೇರೆಬೇರೆಯಾಗಿ ಇದೆಯೇ?
7. ಮನೆಯಲ್ಲಿ ಇಂಟರ್ನೆಟ್ ವೇಗ ಎಷ್ಟು? ಯುಪಿಎಸ್ ಎಷ್ಟು ವಿಎ?

ಎಂಟನೆಯ ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳುವಂತಿಲ್ಲ, ಮನೆಯಲ್ಲೇ ಕೇಳಬೇಕು. ದಿನಕ್ಕೆ ಎಷ್ಟು ಹೊತ್ತು ಆಟ? ಅದನ್ನು ಕೊಂಡ ಮೇಲಲ್ಲ, ಕೊಳ್ಳುವ ಮೊದಲೇ ತಂದೆತಾಯಿ ಮಕ್ಕಳು ಕೂತು ತೀರ್ಮಾನಿಸಿಕೊಳ್ಳಿ. ಕಂಪ್ಯೂಟರನ್ನು ಕೋಣೆಯೊಳಗೆ ಬಚ್ಚಿಡದೆ ನಡುಮನೆಯಲ್ಲಿಡಿ. ಒಂದು ಸಂಜೆ ಮಗ ದೇವನಹಳ್ಳಿಯಿಂದ ಏರಿಸುವುದನ್ನು ಅಪ್ಪ ಅಮ್ಮ ಪಕ್ಕದಲ್ಲಿ ಕೂತು ನೋಡಲಿ. ಹಣ ಎಲ್ಲಿಗೆ ಹೋಯಿತೆಂದು ಆಗ ಅವರಿಗೂ ತಿಳಿಯುತ್ತದೆ.